ಅರ್ಧ ಅರ್ಧ ಹಾಕಿದರೂ ನನ್ನ ಕೈ ಏಕೆ ಬರಿದು?

ಪ್ರಶ್ನೆ: ಮದುವೆಯಾಗಿ ಆರು ವರ್ಷವಾಯಿತು, ಇಬ್ಬರೂ ದುಡಿಯುತ್ತೇವೆ. ಮನೆಖರ್ಚು ಮೊದಲಿನಿಂದಲೂ ಸಮಪಾಲು. ಮಗು ಹುಟ್ಟಿದ ಮೇಲೆ ನಾನು ಕೆಲಸದ ಅವಧಿ ಕಡಿಮೆ ಮಾಡಿಕೊಂಡೆ. ಸಂಬಳ 60 ಸಾವಿರದಿಂದ 40 ಸಾವಿರಕ್ಕೆ ಇಳಿಯಿತು. ಪತಿಗೆ 80 ಸಾವಿರ. ಮನೆ ಸಾಲದ ಕಂತು 30 ಸಾವಿರ ಅವರು ಕಟ್ಟುತ್ತಾರೆ. ವಿಮೆಯ 6 ಸಾವಿರ ಮೊದಲು ನನ್ನ ಪಾಲಿಗಿತ್ತು, ಡೇಕೇರ್ ಶುರುವಾದ ಮೇಲೆ ಅದನ್ನೂ ಅವರೇ ವಹಿಸಿಕೊಂಡರು. ದಿನಸಿ-ತರಕಾರಿ 16, ವಿದ್ಯುತ್-ನೀರು-ಫೋನ್ 8, ಡೇಕೇರ್ 12 ಸಾವಿರ ನನ್ನದು. ಅಂದರೆ ಇಬ್ಬರದೂ 36 ಸಾವಿರ. ತಿಂಗಳ ಕೊನೆಗೆ ನನ್ನ ಬಳಿ ಏನೂ ಉಳಿಯುವುದಿಲ್ಲ. ಮಾತೆತ್ತಿದರೆ "ಸಮ ಸಮ ಇದೆಯಲ್ಲ, ನಂಬಿಕೆ ಇಲ್ವಾ?" ಎನ್ನುತ್ತಾರೆ. ಐದು ವರ್ಷದ ಹಿಂದೆ ಕೊಂಡ ಮನೆ ಅವರೊಬ್ಬರ ಹೆಸರಿನಲ್ಲಿದೆ. ನಾನು ಕೇಳುತ್ತಿರುವುದು ತಪ್ಪೇ? ಸರಿಯಾದ ಲೆಕ್ಕ ಯಾವುದು?

ಉತ್ತರ: ತಪ್ಪೇನಿಲ್ಲ. ನಿಮ್ಮ ಅಂಕಿಗಳೇ ಅದನ್ನು ಹೇಳುತ್ತಿವೆ. ಮಗು ಬರುವ ಮುಂಚೆ ಮನೆಗೆ ಬರುತ್ತಿದ್ದದ್ದು 1 ಲಕ್ಷ 40 ಸಾವಿರ, ಖರ್ಚು 60 ಸಾವಿರ. ತಲಾ 30 ಕೊಟ್ಟ ಮೇಲೆ ಅವರ ಕೈಯಲ್ಲಿ 50 ಸಾವಿರ, ನಿಮ್ಮ ಕೈಯಲ್ಲಿ 30 ಸಾವಿರ ಉಳಿಯುತ್ತಿತ್ತು. ಈಗ ತಲಾ 36 ಕೊಟ್ಟ ಮೇಲೆ ಅವರಿಗೆ 44, ನಿಮಗೆ 4. ಮಗುವಿನಿಂದಾಗಿ ಮನೆಯ ಮೇಲೆ ಬಿದ್ದ ಹೊಸ ಹೊರೆ ಒಟ್ಟು 32 ಸಾವಿರ: ನಿಮ್ಮ ಸಂಬಳದಲ್ಲಿ ಕಡಿತವಾದ 20, ಡೇಕೇರಿನ 12. ಈ 32ರಲ್ಲಿ ಅವರು ಹೊತ್ತದ್ದು 6, ನೀವು ಹೊತ್ತದ್ದು 26. ನಿಮ್ಮ ಪತಿಗೆ ತೋರಿಸಬೇಕಾದದ್ದು ಇದೊಂದೇ ಲೆಕ್ಕ. ಅವರು ಬೇಕೆಂದೇ ಹೀಗೆ ಮಾಡಿದ್ದಾರೆ ಎಂದುಕೊಳ್ಳಬೇಡಿ. ಕೊಡುವ ಮೊತ್ತ ಮಾತ್ರ ನೋಡಿ ಉಳಿಯುವ ಮೊತ್ತ ನೋಡದಿದ್ದರೆ ಯಾರಿಗೂ ಇದು ಕಣ್ಣಿಗೆ ಬೀಳುವುದಿಲ್ಲ.

ಆದ್ದರಿಂದ ಅಳತೆಗೋಲನ್ನೇ ಬದಲಿಸಿ. ಯಾರು ಎಷ್ಟು ಹಾಕಿದರು ಎಂಬುದು ಬೇಡ. ಎಲ್ಲ ಕಳೆದ ಮೇಲೆ ಯಾರ ಕೈಯಲ್ಲಿ ಎಷ್ಟು ಉಳಿಯಿತು, ಯಾರ ಹೆಸರಿನಲ್ಲಿ ಏನು ಬೆಳೆಯಿತು ಎಂಬ ಎರಡನ್ನು ನೋಡಿ.

ಚಾಲ್ತಿಯಲ್ಲಿರುವ ಹಂಚಿಕೆಗಳು ಮುಖ್ಯವಾಗಿ ಮೂರು. ನಿಮ್ಮ ಈಗಿನ 72 ಸಾವಿರ ಖರ್ಚಿಗೆ ಹಚ್ಚಿ ನೋಡೋಣ. ಸಮಪಾಲಿನಲ್ಲಿ ಉಳಿಯುವುದು 44 ಮತ್ತು 4. ಆದಾಯಕ್ಕೆ ತಕ್ಕ ಪಾಲು ಎಂದರೆ 80ಕ್ಕೆ 40, ಅಂದರೆ ಎರಡಕ್ಕೆ ಒಂದು. ಅವರು 48, ನೀವು 24 ಕೊಡುತ್ತೀರಿ, ಉಳಿಯುವುದು 32 ಮತ್ತು 16. ಮೂರನೆಯದು ಉಳಿಕೆ ಸಮ ಮಾಡುವ ವಿಧಾನ. ಒಟ್ಟು 120ರಲ್ಲಿ 72 ಕಳೆದರೆ 48, ಅದನ್ನು ತಲಾ 24 ಮಾಡಿ ಹಿಂದಕ್ಕೆ ಲೆಕ್ಕ ಹಾಕಿದರೆ ಅವರು 56, ನೀವು 16 ಕೊಡಬೇಕಾಗುತ್ತದೆ.

ಸಮಪಾಲು ಒಳ್ಳೆಯದೇ, ಆದರೆ ಇಬ್ಬರ ಆದಾಯವೂ ಹೆಚ್ಚುಕಡಿಮೆ ಒಂದೇ ಇದ್ದು ಮನೆಗೆಲಸವೂ ಸಮವಾಗಿ ಹಂಚಿಕೆಯಾಗಿದ್ದರೆ ಮಾತ್ರ. ಆದಾಯಕ್ಕೆ ತಕ್ಕ ಪಾಲನ್ನು ಅನೇಕರು ಅತ್ಯಂತ ನ್ಯಾಯ ಎನ್ನುತ್ತಾರೆ. ಇಬ್ಬರೂ ಪೂರ್ತಿ ದುಡಿಯುತ್ತಿದ್ದು ವೃತ್ತಿಯ ಕಾರಣಕ್ಕಷ್ಟೇ ಸಂಬಳ ಬೇರೆಯಾಗಿದ್ದರೆ ಅದು ಚೆನ್ನಾಗಿಯೇ ನಡೆಯುತ್ತದೆ. ನಿಮ್ಮ ವಿಷಯದಲ್ಲಿ ಅದು ಸಾಲದು. ನಿಮ್ಮ ಸಂಬಳ ಕಡಿಮೆಯಾಗಿರುವುದೇ ಮನೆಗಾಗಿ. ನೀವು ಮಗುವನ್ನು ನೋಡಿಕೊಳ್ಳುವ ಹೊತ್ತಿನಿಂದಲೇ ನಿಮ್ಮ ಪತಿಯ 80 ಸಾವಿರದ ಕೆಲಸ ಅಡೆತಡೆಯಿಲ್ಲದೆ ಸಾಗುತ್ತಿದೆ. ಹಾಗಿರುವಾಗ ಇಳಿದ ಸಂಬಳವನ್ನೇ ಆಧಾರವಾಗಿಟ್ಟು ಪಾಲು ತೆಗೆದರೆ ಆ ನಷ್ಟ ಶಾಶ್ವತವಾಗಿ ನಿಮ್ಮ ಲೆಕ್ಕಕ್ಕೇ ಸೇರುತ್ತದೆ. ಒಬ್ಬರು ಮನೆಗಾಗಿ ದುಡಿಮೆ ತಗ್ಗಿಸಿರುವ ವರ್ಷಗಳಲ್ಲಿ ಉಳಿಕೆ ಸಮ ಮಾಡುವುದೇ ಸರಿಯಾದ ದಾರಿ.

ಡೇಕೇರ್ ಬಗ್ಗೆ ಒಂದು ಮಾತು. "ನಿನ್ನ ಸಂಬಳದಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಡೇಕೇರಿಗೇ ಹೋಗುತ್ತೆ, ಕೆಲಸಕ್ಕೆ ಹೋಗಿ ಏನು ಪ್ರಯೋಜನ" ಎಂಬ ಮಾತು ಇಂದಲ್ಲ ನಾಳೆ ಬಂದೇ ಬರುತ್ತದೆ. ಈ ಲೆಕ್ಕ ಬುಡದಲ್ಲೇ ತಪ್ಪು. ಡೇಕೇರ್ ಇರುವುದು ಇಬ್ಬರೂ ಕೆಲಸಕ್ಕೆ ಹೋಗಲಿ ಎಂದು, ಹಾಗಾಗಿ ಅದನ್ನು ಕಳೆಯಬೇಕಾದದ್ದು 120ರಿಂದ, 40ರಿಂದಲ್ಲ. ಅದಲ್ಲದೆ ಡೇಕೇರಿನ ಖರ್ಚು ಕೆಲವೇ ವರ್ಷದ್ದು. ಕೆಲಸ ಬಿಟ್ಟರೆ ಮುಂದಿನ ಬಡ್ತಿ, ಸಂಬಳ ಏರಿಕೆ, ನಿವೃತ್ತಿ ನಿಧಿ ಎಲ್ಲಕ್ಕೂ ಪೆಟ್ಟು ಬೀಳುತ್ತದೆ.

ಪಾಲು ತೆಗೆಯುವ ಮುಂಚೆ ಆದಾಯ ಎಂದರೆ ಯಾವುದು ಎಂದು ತೀರ್ಮಾನವಾಗಲಿ. ಕೈಗೆ ಬಂದ ಸಂಬಳವನ್ನೇ ಹಿಡಿದರೆ ಒಂದು ಮೋಸ ನುಸುಳುತ್ತದೆ. ಒಬ್ಬರ ಸಂಬಳದಿಂದ ತಿಂಗಳಿಗೆ 10 ಸಾವಿರ ಅವರ ನಿವೃತ್ತಿ ನಿಧಿಗೆ ಕಡಿತವಾಗುತ್ತಿದ್ದರೆ ಅದು ಖರ್ಚಲ್ಲ, ಅವರ ಹೆಸರಿನ ಉಳಿತಾಯ. ತೆರಿಗೆ ಕಳೆಯಿರಿ. ಸ್ವಂತ ಉಳಿತಾಯದ ಕಡಿತವನ್ನು ಮಾತ್ರ ಮರಳಿ ಸೇರಿಸಿ, ಇಲ್ಲವೇ ಇನ್ನೊಬ್ಬರಿಗೂ ಅಷ್ಟೇ ಉಳಿತಾಯ ಇರುವಂತೆ ನೋಡಿಕೊಳ್ಳಿ. ಕೆಲಸಕ್ಕೆ ಓಡಾಡುವ ವೆಚ್ಚ ದುಡಿಮೆಯ ವೆಚ್ಚ, ಅದನ್ನು ಮೊದಲೇ ಕಳೆಯಬೇಕು. ಆದಾಯ ಏರುಪೇರಾಗುವವರು ಕಳೆದ 12 ತಿಂಗಳಲ್ಲಿ ಅತಿ ಕಡಿಮೆ ಬಂದ ಮೂರು ತಿಂಗಳ ಸರಾಸರಿಯನ್ನು ಮೂಲವಾಗಿಟ್ಟುಕೊಂಡು ಪಾಲು ಕೊಡಲಿ. ಹೆಚ್ಚು ಬಂದ ತಿಂಗಳಲ್ಲಿ ಮೇಲಿನದ್ದನ್ನು ಹೇಗೆ ಹಂಚಬೇಕು ಎಂಬ ನಿಯಮವನ್ನು ಹಣ ಬರುವ ಮುಂಚೆಯೇ ಬರೆದಿಡಿ. ಹಣ ಕೈಗೆ ಬಂದ ಮೇಲೆ ನಿಯಮ ಮಾಡಹೊರಟರೆ ಜಗಳವಾಗುತ್ತದೆ.

ಈಗ ಖರ್ಚಿನ ಕಡೆ. ನಿಮ್ಮ 72 ಸಾವಿರದ ಪಟ್ಟಿ ಪೂರ್ತಿಯಲ್ಲ. ಅದರಲ್ಲಿರುವುದು ತಿಂಗಳು ತಿಂಗಳು ಬರುವ ಬಾಬತ್ತು ಮಾತ್ರ. ವರ್ಷಕ್ಕೊಮ್ಮೆ, ಎರಡು ಬಾರಿ ಬರುವವು ಎಲ್ಲಿ? ಉದಾಹರಣೆಗೆ ವರ್ಷಕ್ಕೆ ಮನೆ ದುರಸ್ತಿ 30 ಸಾವಿರ, ಗಾಡಿಯ ಸರ್ವಿಸ್-ಟೈರು 24, ವೈದ್ಯರು-ಔಷಧಿ 24, ಮಗುವಿನ ಬಟ್ಟೆಬರೆ ಮತ್ತು ಶುಲ್ಕ 30, ಪ್ರಯಾಣ-ಉಡುಗೊರೆ 36, ಕೆಟ್ಟುಹೋಗುವ ಫ್ರಿಜ್-ವಾಷಿಂಗ್ ಮಷೀನ್ ಬದಲಿಸಲು 24. ಒಟ್ಟು 1 ಲಕ್ಷ 68 ಸಾವಿರ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 14 ಸಾವಿರ. ಇದಕ್ಕೆಂದು ಹಣ ತೆಗೆದಿಡದ ಮನೆಗಳಲ್ಲಿ ಏನಾಗುತ್ತದೆ ಗೊತ್ತೇ? ಬಿಲ್ ಬಂದ ದಿನ ಯಾರ ಬಳಿ ಹಣ ಉಳಿದಿದೆಯೋ ಅವರು ಕೊಡುತ್ತಾರೆ. "ಗಾಡಿದು ನಾನೇ ಕೊಟ್ಟೆ, ಆಸ್ಪತ್ರೆದೂ ನಾನೇ ಕೊಟ್ಟೆ" ಎಂಬ ಲೆಕ್ಕ ಅವರ ಮನಸ್ಸಿನಲ್ಲಿ ಬೆಳೆಯುತ್ತಾ ಹೋಗುತ್ತದೆ. ನಿಮ್ಮ ಪತಿಯ 44 ಸಾವಿರದಲ್ಲಿ ದೊಡ್ಡ ಪಾಲು ಹೀಗೇ ಕರಗುತ್ತಿರಬಹುದು. ಅದನ್ನು ಕೇಳಿ ತಿಳಿದುಕೊಂಡ ಮೇಲೆ ಮಾತಿಗೆ ಕೂತುಕೊಳ್ಳಿ. ಇಲ್ಲದಿದ್ದರೆ ಅವರ ಮೊದಲ ಉತ್ತರ ಅದೇ ಆಗಿರುತ್ತದೆ, ನಿಮ್ಮ ವಾದ ಅಲ್ಲಿಗೇ ನಿಲ್ಲುತ್ತದೆ.

ಯಾವುದು ಮನೆಖರ್ಚು, ಯಾವುದು ಸ್ವಂತದ್ದು? ದಿನಸಿ, ಕಂತು, ಮಗು, ವಿಮೆ, ಔಷಧಿ ಇವುಗಳಲ್ಲಿ ತಕರಾರಿಲ್ಲ. ಹವ್ಯಾಸ, ಗೆಳೆಯರ ಜೊತೆ ಹೊರಗೆ ಹೋಗುವುದು, ಒಬ್ಬರಿಗೊಬ್ಬರು ಕೊಡುವ ಉಡುಗೊರೆ ಸ್ವಂತ ಜೇಬಿನದು. ತಿಕ್ಕಾಟ ಶುರುವಾಗುವುದು ತಂದೆತಾಯಿಗೆ ಕಳಿಸುವ ಹಣ ಮತ್ತು ಮದುವೆಗೆ ಮುಂಚಿನ ಸಾಲದಲ್ಲಿ. ತಂದೆತಾಯಿಯ ವಿಷಯದಲ್ಲಿ ಇಬ್ಬರ ಕಡೆಗೂ ಒಂದೇ ನಿಯಮವಿರಲಿ: ಜಂಟಿ ಹಣದಿಂದಲೋ ಸ್ವಂತ ಹಣದಿಂದಲೋ, ತಿಂಗಳಿಗೆ ಎಷ್ಟರವರೆಗೆ. ಇಬ್ಬರಿಗೂ ಒಂದೇ ಮೊತ್ತ ಎಂದೇನಿಲ್ಲ, ಒಂದು ಕಡೆಯವರಿಗೆ ಪಿಂಚಣಿ ಇದ್ದು ಇನ್ನೊಂದು ಕಡೆಯವರಿಗೆ ಇಲ್ಲದಿರಬಹುದು. ಆದರೆ ಗುಟ್ಟಾಗಿ ಕಳಿಸುವುದು ಬೇಡ. ಹಳೆಯ ಸಾಲ ತತ್ವಕ್ಕೆ ಸ್ವಂತದ್ದೇ. ಆದರೂ ಬಡ್ಡಿ ದುಬಾರಿಯಾಗಿದ್ದರೆ ತತ್ವ ಹಿಡಿದು ಕೂರಬಾರದು. ಕ್ರೆಡಿಟ್ ಕಾರ್ಡಿನ 1 ಲಕ್ಷ ಬಾಕಿಗೆ ತಿಂಗಳಿಗೆ ಶೇ. 3 ಬಡ್ಡಿ ಎಂದರೆ 3 ಸಾವಿರ ಹೋಗುತ್ತದೆ. ಅದೇ 1 ಲಕ್ಷ ವರ್ಷಕ್ಕೆ ಶೇ. 6ರ ಠೇವಣಿಯಲ್ಲಿದ್ದರೆ ತಿಂಗಳಿಗೆ ಬರುವುದು 500. ಜಂಟಿ ಉಳಿತಾಯದಿಂದ ಸಾಲ ತೀರಿಸಿ, ಇಷ್ಟು ಹಣ ಇಷ್ಟು ತಿಂಗಳಲ್ಲಿ ಜಂಟಿ ಖಾತೆಗೆ ಮರಳಬೇಕು ಎಂದು ಬರೆದುಕೊಳ್ಳಿ. ಬರೆಯದಿದ್ದರೆ ಕೊಟ್ಟೋನು ಕೋಡಂಗಿ ಎಂಬ ಗಾದೆ ಗಂಡಹೆಂಡಿರ ನಡುವೆಯೂ ನಿಜವಾಗುತ್ತದೆ.

ಇನ್ನು ನಿಮ್ಮ ಪ್ರಶ್ನೆಯಲ್ಲಿ ನನಗೆ ಅತಿ ಗಂಭೀರವಾಗಿ ಕಂಡ ಭಾಗ. ಅವರು ಕಂತು ಕಟ್ಟುತ್ತಾರೆ, ನೀವು ದಿನಸಿ ತರುತ್ತೀರಿ. ಮೊತ್ತ ಸಮ. ಆದರೆ ದಿನಸಿ ತಿಂಗಳಿಗೆ ಮುಗಿದುಹೋಗುತ್ತದೆ, ಕಂತು ಮನೆಯಾಗಿ ನಿಲ್ಲುತ್ತದೆ. ತಿಂಗಳಿಗೆ 30 ಸಾವಿರದಂತೆ ಹತ್ತು ವರ್ಷ ಇಬ್ಬರೂ ಕೊಟ್ಟರೆ ತಲಾ 36 ಲಕ್ಷ. ಕೊನೆಗೆ ಒಬ್ಬರ ಕೈಯಲ್ಲಿ ಆಸ್ತಿಪತ್ರ, ಇನ್ನೊಬ್ಬರ ಕೈಯಲ್ಲಿ ಏನೂ ಇಲ್ಲ, ರಸೀದಿ ಕೂಡ ಇಲ್ಲ. ಬಾಬತ್ತಿನ ಪ್ರಕಾರ ಖರ್ಚು ಹಂಚಿಕೊಳ್ಳುವ ಎಲ್ಲ ಮನೆಗಳಲ್ಲೂ ಈ ಅಪಾಯವಿದೆ. ಆದಾಯ ಕಡಿಮೆ ಇರುವವರು ಸಣ್ಣ ಸಣ್ಣ ಚಿಲ್ಲರೆ ಖರ್ಚು ವಹಿಸಿಕೊಳ್ಳುವುದು ರೂಢಿಯಾದ್ದರಿಂದ ಪೆಟ್ಟು ಬೀಳುವುದೂ ಅವರಿಗೇ. ಪರಿಹಾರ ಸರಳ: ಬಾಬತ್ತು ಹಂಚುವುದನ್ನು ನಿಲ್ಲಿಸಿ. ಕಂತಿನಿಂದ ಕೊತ್ತಂಬರಿಯವರೆಗೆ ಎಲ್ಲವೂ ಒಂದೇ ಜಂಟಿ ಖಾತೆಯಿಂದ ಹೋಗಲಿ.

ಅಂದರೆ ಮೂರು ಖಾತೆ ಬೇಕು. ಒಂದು ಜಂಟಿ, ಎರಡು ಸ್ವಂತ. ಸಂಬಳ ಅವರವರ ಖಾತೆಗೇ ಬರಲಿ. ಸಂಬಳವಾದ ಮರುದಿನ ನಿಗದಿತ ಮೊತ್ತ ತನ್ನಷ್ಟಕ್ಕೆ ಜಂಟಿ ಖಾತೆಗೆ ವರ್ಗವಾಗುವಂತೆ ಬ್ಯಾಂಕಿನಲ್ಲಿ ಸೂಚನೆ ಕೊಟ್ಟಿಡಿ. "ಈ ತಿಂಗಳದ್ದು ಹಾಕಿದ್ರಾ?" ಎಂದು ಕೇಳುವ ಪರಿಸ್ಥಿತಿಯೇ ಬರಬಾರದು. ಕೇಳುವವರಿಗೆ ಅದು ಕೈಚಾಚಿದಂತೆ, ಕೇಳಿಸಿಕೊಳ್ಳುವವರಿಗೆ ತಗಾದೆಯಂತೆ. ನಿಮ್ಮ 120 ಸಾವಿರವನ್ನು ಹೀಗೆ ಹರಡಬಹುದು: ತಿಂಗಳ ಖರ್ಚು 72, ವರ್ಷದ ಬಾಬತ್ತಿಗೆ 14, ತುರ್ತು ನಿಧಿಗೆ 10, ನಿಮ್ಮ ಹೆಸರಿನ ನಿವೃತ್ತಿ ಉಳಿತಾಯಕ್ಕೆ 8. ಅವರಿಗೆ ಸಂಬಳದಲ್ಲೇ ನಿವೃತ್ತಿ ಕಡಿತವಿದೆ ಎಂದುಕೊಂಡು ಈ ಲೆಕ್ಕ ಹಾಕಿದ್ದೇನೆ. ಇಲ್ಲದಿದ್ದರೆ ಆ 8ನ್ನು ಹಂಚಿಕೊಳ್ಳಿ. ಒಟ್ಟು 104. ಉಳಿದ 16ರಲ್ಲಿ ತಲಾ 8 ಕೈಖರ್ಚು. ಹಾಗಾದರೆ ಅವರು ಜಂಟಿ ಖಾತೆಗೆ 72, ನೀವು 32 ಹಾಕುತ್ತೀರಿ.

ತುರ್ತು ನಿಧಿಯ ಗುರಿ ಮೂರು ತಿಂಗಳ ಮನೆಖರ್ಚು. 86 ಸಾವಿರದಂತೆ 2 ಲಕ್ಷ 58 ಸಾವಿರ. ತಿಂಗಳಿಗೆ 10 ಸಾವಿರದಲ್ಲಿ ಎರಡು ವರ್ಷ ದಾಟುತ್ತದೆ, ಆದ್ದರಿಂದ ಮೊದಲು ಒಂದು ತಿಂಗಳ ಖರ್ಚು ಕೂಡಿಸಿಕೊಳ್ಳಿ. ಅದಕ್ಕೆ ಒಂಬತ್ತು ತಿಂಗಳು ಸಾಕು. ದುಡಿಯುವವರು ಒಬ್ಬರೇ ಆದರೆ ಗುರಿ ಆರು ತಿಂಗಳ ಖರ್ಚಾಗಿರಲಿ.

ನಿಮ್ಮ ಪತಿಗೆ ಇದು ಹೇಗೆ ಕಾಣುತ್ತದೆ ಎಂದು ಯೋಚಿಸಿ. 44 ಇದ್ದದ್ದು 8 ಆಯಿತು! ದಿಗಿಲಾಗುವುದು ಸಹಜ. ಇಲ್ಲಿ ಎರಡು ವಿಷಯ ಹೇಳಿ. ಒಂದು, ವರ್ಷದ ಬಾಬತ್ತು, ತುರ್ತು ನಿಧಿ ಎಲ್ಲ ಇನ್ನು ಅವರೊಬ್ಬರ ತಲೆನೋವಲ್ಲ. ಎರಡು, ಬದಲಾವಣೆ ಒಂದೇ ಸಲಕ್ಕೆ ಆಗಬೇಕಿಲ್ಲ. ಮೂರು ತಿಂಗಳು ಆದಾಯಕ್ಕೆ ತಕ್ಕ ಪಾಲಿನಲ್ಲಿ ನಡೆಸಿ, ಆಮೇಲೆ ಉಳಿಕೆ ಸಮ ಮಾಡುವ ವಿಧಾನಕ್ಕೆ ಬನ್ನಿ. "ಹೆಚ್ಚು ದುಡಿಯೋದಕ್ಕೆ ನನಗೇನು ಲಾಭ?" ಎಂದು ಅವರು ಕೇಳಿದರೆ ಅದೂ ಅಸಡ್ಡೆ ಮಾಡುವ ಪ್ರಶ್ನೆಯಲ್ಲ. ಯಾರಿಗೇ ಸಂಬಳ ಏರಿದರೂ ಏರಿಕೆಯ ಐದರಲ್ಲಿ ಒಂದು ಪಾಲು ಅವರ ಸ್ವಂತಕ್ಕೆ, ಉಳಿದ ನಾಲ್ಕು ಪಾಲು ಜಂಟಿಗೆ ಎಂಬಂಥ ಒಪ್ಪಂದ ಮಾಡಿಕೊಳ್ಳಬಹುದು.

ಕೈಖರ್ಚಿನ 8 ಸಾವಿರಕ್ಕೆ ಲೆಕ್ಕ ಕೇಳಬಾರದು, ಇಬ್ಬರೂ. ಪುಸ್ತಕ ಕೊಂಡರೋ, ಗೆಳತಿಗೆ ಕೊಟ್ಟರೋ, ಹಾಗೇ ಇಟ್ಟರೋ ಅವರಿಷ್ಟ. ಜಂಟಿ ಖಾತೆಯಿಂದ ಪಟ್ಟಿಯಲ್ಲಿಲ್ಲದ ಖರ್ಚು ಮಾಡುವಾಗ ಮಾತ್ರ ಒಂದು ಮಿತಿಯ ಮೇಲೆ ಇನ್ನೊಬ್ಬರನ್ನು ಕೇಳಬೇಕು. ಒಬ್ಬರ ಒಂದು ತಿಂಗಳ ಕೈಖರ್ಚಿನಷ್ಟು ಎಂದಿಟ್ಟುಕೊಂಡರೆ ಮಿತಿ ಹದವಾಗಿರುತ್ತದೆ. ತೀರಾ ಕಡಿಮೆ ಇಟ್ಟರೆ ಪ್ರತಿಯೊಂದಕ್ಕೂ ಅಪ್ಪಣೆ ಬೇಡುವಂತಾಗುತ್ತದೆ.

ಬ್ರಿಟನ್ನಿನ ಸಮಾಜಶಾಸ್ತ್ರಜ್ಞೆ ಜಾನ್ ಪಾಲ್ 1980ರ ದಶಕದಲ್ಲಿ ದಂಪತಿಗಳ ಹಣಕಾಸನ್ನು ಅಧ್ಯಯನ ಮಾಡಿ ಒಂದು ವ್ಯತ್ಯಾಸ ಗುರುತಿಸಿದರು: ಹಣದ ಮೇಲಿನ ಹಿಡಿತ ಬೇರೆ, ಹಣ ನಿಭಾಯಿಸುವ ಕೆಲಸ ಬೇರೆ. ಬಿಲ್ ಕಟ್ಟುವುದು, ತಿಂಗಳ ಕೊನೆಯವರೆಗೆ ಎಳೆದಾಡಿ ಸರಿದೂಗಿಸುವುದು ಹೆಂಡತಿಯ ಪಾಲಿಗಿದ್ದು, ಎಷ್ಟು ಕೊಡಬೇಕು ಎಂಬ ನಿರ್ಧಾರ ಗಂಡನ ಬಳಿ ಉಳಿದಿರಬಹುದು. "ಮನೆ ದುಡ್ಡೆಲ್ಲ ಅವಳೇ ನೋಡ್ಕೊಳ್ಳೋದು" ಎಂದು ಹೆಮ್ಮೆಯಿಂದ ಹೇಳುವ ಎಷ್ಟೋ ಮನೆಗಳಲ್ಲಿ ಆಕೆಯ ಬಳಿ ಇರುವುದು ಕೆಲಸ ಮಾತ್ರ, ಅಧಿಕಾರವಲ್ಲ. ಹಣ ಯಾರ ಕೈಗೆ ಬರುತ್ತದೆ ಎಂಬುದರಿಂದ ಖರ್ಚಿನ ದಿಕ್ಕೇ ಬದಲಾಗುತ್ತದೆ ಎಂಬುದಕ್ಕೂ ಅಲ್ಲಿಂದಲೇ ಪುರಾವೆಯಿದೆ. 1970ರ ದಶಕದ ಕೊನೆಯಲ್ಲಿ ಅಲ್ಲಿ ಮಕ್ಕಳಿಗಾಗಿ ತಂದೆಯ ಸಂಬಳದಲ್ಲಿ ಸಿಗುತ್ತಿದ್ದ ತೆರಿಗೆ ರಿಯಾಯಿತಿಯ ಬದಲು ತಾಯಿಯ ಕೈಗೆ ಹಣ ಕೊಡುವ ವ್ಯವಸ್ಥೆ ಬಂತು. ಆಮೇಲೆ ಗಂಡಸರ ಬಟ್ಟೆಗೆ ಹೋಲಿಸಿದರೆ ಹೆಂಗಸರ ಮತ್ತು ಮಕ್ಕಳ ಬಟ್ಟೆಯ ಮೇಲಿನ ಖರ್ಚು ಏರಿದ್ದನ್ನು ಅರ್ಥಶಾಸ್ತ್ರಜ್ಞರು 1997ರಲ್ಲಿ ತೋರಿಸಿದರು.

ಜಂಟಿ ಖಾತೆಯಿಂದ ಸಂಬಂಧ ಕೆಡುತ್ತದೆಯೇ ಎಂಬ ಅನುಮಾನವಿದ್ದರೆ, ಅಮೆರಿಕದಲ್ಲಿ 230 ಜೋಡಿಗಳನ್ನು ಎರಡು ವರ್ಷ ಗಮನಿಸಿದ ಪ್ರಯೋಗವೊಂದು 2023ರಲ್ಲಿ ಪ್ರಕಟವಾಗಿದೆ. ಅವರು ಹೊಸದಾಗಿ ಮದುವೆಯಾದವರು ಅಥವಾ ಮದುವೆ ನಿಶ್ಚಯವಾದವರು. ಹಣವನ್ನು ಜಂಟಿ ಖಾತೆಗೆ ಹಾಕುವಂತೆ ಸೂಚಿಸಲಾಗಿದ್ದ ಜೋಡಿಗಳ ಬಾಂಧವ್ಯ ಉಳಿದವರಿಗಿಂತ ಚೆನ್ನಾಗಿ ಉಳಿದಿತ್ತು. ಆದರೂ ಸ್ವಂತ ಖಾತೆ ಮುಚ್ಚಬೇಡಿ ಎಂಬುದೇ ನನ್ನ ಸಲಹೆ. ಒಬ್ಬರೇ ಸಹಿ ಮಾಡಿ ನಡೆಸಬಹುದಾದ ಜಂಟಿ ಖಾತೆಯನ್ನು ಆ ಒಬ್ಬರೇ ಖಾಲಿ ಮಾಡಲೂ ಬಹುದು. ಆದ್ದರಿಂದ ದಿನದ ಖರ್ಚಿನ ಖಾತೆ ಒಬ್ಬರ ಸಹಿಯಲ್ಲಿ ನಡೆಯಲಿ, ತುರ್ತು ನಿಧಿ ಇಬ್ಬರ ಸಹಿ ಬೇಡುವ ಬೇರೆ ಖಾತೆಯಲ್ಲಿರಲಿ. ಮೊದಲ ತಿಂಗಳ ಖರ್ಚಿನಷ್ಟು ಮಾತ್ರ ತಕ್ಷಣ ಕೈಗೆ ಸಿಗುವ ಹಾಗಿದ್ದರೆ ಆಸ್ಪತ್ರೆಯಂಥ ಸಂದರ್ಭದಲ್ಲಿ ಪರದಾಟ ತಪ್ಪುತ್ತದೆ.

ಲೆಕ್ಕ ನೋಡಿಕೊಳ್ಳುವುದೂ ಮನೆಗೆಲಸವೇ. ಆರು ತಿಂಗಳಿಗೊಮ್ಮೆ ಅದಲುಬದಲು ಮಾಡಿಕೊಳ್ಳಿ. ಒಬ್ಬರೇ ವರ್ಷಗಟ್ಟಲೆ ನೋಡಿಕೊಂಡರೆ ಅವರು ಆಸ್ಪತ್ರೆ ಸೇರಿದ ದಿನ ಇನ್ನೊಬ್ಬರಿಗೆ ವಿಮೆಯ ನಂಬರೂ ಸಿಗುವುದಿಲ್ಲ. ಖಾತೆಗಳು, ಸಾಲಗಳು, ವಿಮೆಗಳು, ಕಟ್ಟುವ ದಿನಾಂಕ, ನಾಮಿನಿ ಯಾರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರಿಗೂ ಗೊತ್ತಿರುವ ಜಾಗದಲ್ಲಿಡಿ. ತಿಂಗಳಿಗೊಮ್ಮೆ ಅರ್ಧ ಗಂಟೆ ಕೂತು ಮೂರೇ ವಿಷಯ ನೋಡಿ: ಅಂದಾಜು ಮೀರಿದ್ದು ಯಾವುದು, ಮುಂದಿನ ತಿಂಗಳು ಬರುವ ದೊಡ್ಡ ಬಿಲ್ ಯಾವುದು, ಪಾಲು ಬದಲಾಗಬೇಕಾದಂಥದ್ದು ಏನಾದರೂ ಆಗಿದೆಯೇ. ತಿಂಗಳ ಕೊನೆಯ ವಾರ ಬೇಡ, ಕೈ ಬಿಗಿಯಾಗಿರುವಾಗ ಮಾತೂ ಬಿಗಿಯಾಗುತ್ತದೆ.

"ನಂಬಿಕೆ ಇಲ್ವಾ?" ಎಂದಾಗ ವಾದಕ್ಕಿಳಿಯಬೇಡಿ. "ನಂಬಿಕೆ ಇದೆ, ಅದಕ್ಕೇ ಲೆಕ್ಕ ಒಟ್ಟಿಗೆ ನೋಡೋಣ ಅಂತಿದ್ದೀನಿ" ಎಂದು ಹೇಳಿ ಮೇಲಿನ 26 ಮತ್ತು 6ರ ಲೆಕ್ಕವನ್ನು ಅವರ ಮುಂದಿಡಿ. ಬಹುತೇಕರು ಅದನ್ನು ಕಂಡಾಗ ಒಪ್ಪುತ್ತಾರೆ. ಆದರೆ ನಿಮ್ಮ ಸಂಬಳವನ್ನೇ ಕಿತ್ತುಕೊಳ್ಳುವುದು, ಒತ್ತಾಯದಿಂದ ಸಾಲಕ್ಕೆ ಸಹಿ ಹಾಕಿಸುವುದು, ಕೆಲಸಕ್ಕೆ ಹೋಗದಂತೆ ತಡೆಯುವುದು, ಕಾಸು ಕಾಸಿಗೂ ಲೆಕ್ಕ ಕೇಳುವುದು ಇದ್ದರೆ ಅದು ಹಂಚಿಕೆಯ ಸಮಸ್ಯೆಯಲ್ಲ, ದೌರ್ಜನ್ಯ. ಅಲ್ಲಿ ಯಾವ ಪಟ್ಟಿಯೂ ಕೆಲಸಕ್ಕೆ ಬಾರದು. ಸ್ವಂತ ಖಾತೆ ಉಳಿಸಿಕೊಂಡು, ದಾಖಲೆಗಳ ಪ್ರತಿ ಬೇರೆ ಕಡೆ ಇಟ್ಟು, ವಕೀಲರ ಸಲಹೆ ಪಡೆಯಬೇಕು. ನೀವು ಬರೆದದ್ದರಲ್ಲಿ ಅಂಥದ್ದೇನೂ ಕಾಣುವುದಿಲ್ಲ.

ಕೊನೆಯದು ಮನೆ. ಕಳೆದ ಐದು ವರ್ಷದ ದಿನಸಿ ಹಣ ವಾಪಸ್ ಕೇಳುವುದರಲ್ಲಿ ಅರ್ಥವಿಲ್ಲ. ಆಸ್ತಿಯಲ್ಲಿ ಹೆಸರು ಕೇಳುವುದರಲ್ಲಿ ಅರ್ಥವಿದೆ. ಸಾಲ ಕೊಟ್ಟ ಸಂಸ್ಥೆಯಿಂದ ಇದುವರೆಗೆ ಕಟ್ಟಿದ್ದರಲ್ಲಿ ಅಸಲೆಷ್ಟು, ಬಡ್ಡಿಯೆಷ್ಟು ಎಂಬ ವಿವರ ತರಿಸಿ. ಕಟ್ಟಿದ್ದು 18 ಲಕ್ಷವಾದರೂ ದೀರ್ಘಾವಧಿ ಸಾಲದ ಮೊದಲ ವರ್ಷಗಳಲ್ಲಿ ಬಡ್ಡಿಯದೇ ದೊಡ್ಡ ಪಾಲಾದ್ದರಿಂದ ಅಸಲು ತೀರಿದ್ದು ನೀವು ಅಂದುಕೊಂಡದ್ದಕ್ಕಿಂತ ಕಡಿಮೆ ಇರುತ್ತದೆ. ಮೊದಲ ಮುಂಗಡ ಯಾರು ಕೊಟ್ಟರು ಎಂಬುದನ್ನೂ ಬರೆದುಕೊಳ್ಳಿ. ಅದು ಅವರ ಮದುವೆಗೆ ಮುಂಚಿನ ಉಳಿತಾಯವಾಗಿದ್ದರೆ ಅಷ್ಟು ಭಾಗ ಅವರದ್ದೆಂದು ಬಿಟ್ಟು, ಉಳಿದದ್ದರಲ್ಲಿ ಸಮಪಾಲು ಕೇಳುವುದು ನ್ಯಾಯ. ಹೆಸರು ಸೇರಿಸಲು ಸಾಲ ಕೊಟ್ಟವರ ಒಪ್ಪಿಗೆ, ನೋಂದಣಿ ವೆಚ್ಚ, ಕೆಲವೊಮ್ಮೆ ತೆರಿಗೆ ಬೇಕಾಗಬಹುದು. ಆಸ್ತಿ ವ್ಯವಹಾರ ನೋಡುವ ವಕೀಲರಲ್ಲಿ ಮೊದಲೇ ವಿಚಾರಿಸಿ. ವೆಚ್ಚ ತೀರಾ ಹೆಚ್ಚೆನಿಸಿದರೆ ಮನೆಯನ್ನು ಹಾಗೇ ಬಿಟ್ಟು, ಅಷ್ಟೇ ಮೌಲ್ಯದ ಉಳಿತಾಯ ನಿಮ್ಮ ಹೆಸರಿನಲ್ಲಿ ಬೆಳೆಯುವಂತೆ ಜಂಟಿ ಖಾತೆಯಿಂದ ವ್ಯವಸ್ಥೆ ಮಾಡಿಕೊಳ್ಳಿ. ಮತ್ತೆ, ಹೆಸರು ಸೇರಿಸುವಾಗ ಸಾಲಪತ್ರ ಮತ್ತು ಆಸ್ತಿಪತ್ರ ಎರಡನ್ನೂ ಒಟ್ಟಿಗೆ ಓದಿ. ಸಾಲಪತ್ರಕ್ಕೆ ಮಾತ್ರ ಸಹಿ ಬಿದ್ದು ಆಸ್ತಿಪತ್ರದಲ್ಲಿ ಹೆಸರು ಬಾರದಿದ್ದರೆ, ಕಂತು ತಪ್ಪಿದ ದಿನ ಪೂರ್ತಿ ಸಾಲಕ್ಕೆ ನೀವೂ ಹೊಣೆ, ಮನೆಯಲ್ಲಿ ಮಾತ್ರ ಪಾಲಿಲ್ಲ. ಅಂಥ ಸಹಿಗೆ ಒಪ್ಪಬೇಡಿ.